ಒಂದು ಅಚ್ಚು ಬೆಲ್ಲದ ಚೀಟಿ

ನಾನು ನಂಜನಗೂಡಿನಲ್ಲಿ ಮನೆ ಮಾಡಿಕೊಂಡು ತಿ. ನರಸೀಪುರದ ಹೈಸ್ಕೂಲೊಂದರಲ್ಲಿ ಚರಿತ್ರೆ ಪಾಠ ಹೇಳಿದವನು. ದಿನಕ್ಕೆ ಎರಡು ಬಸ್ಸು, ಎರಡು ಟಿಕೆಟ್ಟು. ತೊಂಬತ್ತರ ದಶಕದಲ್ಲಿ ಚಿಲ್ಲರೆ ಅನ್ನುವುದು ಎಲ್ಲಿ ಹೋಗಿ ಸೇರಿಕೊಂಡಿತ್ತೋ ಗೊತ್ತಿಲ್ಲ. ಕಂಡಕ್ಟರು ಟಿಕೆಟ್ಟಿನ ಹಿಂದೆ ಬಾಕಿ ‘ಒಂದೂವರೆ’ ಎಂದು ಗೀಚಿಕೊಡುತ್ತಿದ್ದ, ನಾನು ಇಳಿಯುವ ಹೊತ್ತಿಗೆ ಸರಿಯಾಗಿ ಮುಖ ಆಚೆ ತಿರುಗಿಸುತ್ತಿದ್ದ. ಮೆಡಿಕಲ್ ಶಾಪಿನವನು ಐವತ್ತು ಪೈಸೆಗೆ ಬದಲಾಗಿ ಪೆಪ್ಪರ್‌ಮಿಂಟು ಕೊಡುತ್ತಿದ್ದ. ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿನವನಂತೂ ಗುಲಾಬಿ ಬಣ್ಣದ ಕೂಪನ್ನು ಅಚ್ಚು ಹಾಕಿಸಿ, ಮೇಲೆ ಗಣಪತಿಯ ಚಿತ್ರ ಬೇರೆ ಹಾಕಿಸಿ, ತಾನೇ ಒಂದು ರಿಸರ್ವ್ ಬ್ಯಾಂಕು ಎನ್ನುವ ಹಾಗೆ ಗಲ್ಲಾದ ಮುಂದೆ ಕೂತಿರುತ್ತಿದ್ದ. ಇವರೆಲ್ಲರ ಜೊತೆಗೂ ನಾನು ದಿನವೂ ಜಗಳವಾಡುತ್ತಿದ್ದೆ.

ತಮಾಷೆ ಏನೆಂದರೆ, ಭಾನುವಾರ ಬಂತೆಂದರೆ ಇದೇ ನಾನು ಮೈಸೂರಿಗೆ ಹೋಗಿ ಇಂಥವೇ ಕಾಗದದ ಚೂರುಗಳನ್ನು ಸಂಬಳದ ದುಡ್ಡು ಕೊಟ್ಟು ತರುತ್ತಿದ್ದೆ. ಒಂದೇ ವ್ಯತ್ಯಾಸ, ಅವು ಯುದ್ಧದ ಕಾಲದವು.

ಯುದ್ಧ ಶುರುವಾದರೆ ಮೊದಲು ಕಾಣೆಯಾಗುವುದು ಚಿಲ್ಲರೆ. ತಾಮ್ರ ಗುಂಡಿಗೆ ಬೇಕು, ನಿಕ್ಕಲ್ಲು ಬಂದೂಕಿಗೆ ಬೇಕು, ಬೆಳ್ಳಿಯನ್ನು ಜನ ಮಡಕೆಯಲ್ಲಿ ಹೂತಿಡುತ್ತಾರೆ. ಆಗ ಕಾಗದ ಬರುತ್ತದೆ. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಒಂದೊಂದು ಊರೂ ತನ್ನದೇ ಬಣ್ಣಬಣ್ಣದ ನೋಟು ಅಚ್ಚು ಹಾಕಿಕೊಂಡಿತು. ಎರಡನೆಯದರಲ್ಲಿ ಜಪಾನಿನವರು ಬರ್ಮಾ ಹಿಡಿದು, ಅಲ್ಲಿಗೆಂದು ರೂಪಾಯಿ ನೋಟುಗಳನ್ನು ಮಾಡಿಸಿದರು. ಅವರು ಸೋತ ಮೇಲೆ ಅವು ಬೀದಿಯಲ್ಲಿ ಕಸದಂತೆ ಬಿದ್ದಿದ್ದವಂತೆ. ಗುಜರಾತು, ರಾಜಸ್ಥಾನದ ಕಡೆಯ ಸಣ್ಣಪುಟ್ಟ ರಾಜರು ರಟ್ಟಿನ ತುಂಡಿನ ಮೇಲೆ ತಮ್ಮ ಮುಖ ಹಾಕಿಸಿ ಅದನ್ನೇ ಕಾಸು ಅಂದರು. ಇಂಗ್ಲಿಷ್ ಸರ್ಕಾರ ತಾಮ್ರ ಉಳಿಸುವುದಕ್ಕೆ ಕಾಸಿನ ನಡುವೆಯೇ ತೂತು ಹೊಡೆಯಿತು. ಇದನ್ನೆಲ್ಲ ನಾನು ಹತ್ತನೇ ಕ್ಲಾಸಿನ ಮಕ್ಕಳಿಗೆ ಹೇಳುತ್ತಿದ್ದೆ. ಪರೀಕ್ಷೆಗೆ ಬರುವುದಿಲ್ಲ ಎಂದು ಗೊತ್ತಾದ ಕೂಡಲೇ ಅವರು ಪೆನ್ನು ಕೆಳಗಿಡುತ್ತಿದ್ದರು.

“ಆ ಹೋಟ್ಲು ಕೂಪನ್ನೂ ಎತ್ತಿಡ್ರಿ,” ಎನ್ನುತ್ತಿದ್ದಳು ನನ್ನ ಹೆಂಡತಿ. “ಐವತ್ತು ವರ್ಷ ಬಿಟ್ಟು ನಿಮ್ಮಂಥೋರು ಒಬ್ರು ಬತ್ತಾರೆ, ತಕ್ಕೊಳಕ್ಕೆ.”

ಮೈಸೂರಿನಲ್ಲಿ ನಾವು ಎಂಟು ಹತ್ತು ಮಂದಿ ಒಂದು ಹೋಟೆಲಿನ ಮಹಡಿಯ ಮೇಲೆ ಸೇರುತ್ತಿದ್ದೆವು. ಒಬ್ಬರು ಹಲ್ಲಿನ ಡಾಕ್ಟರು ನಮಗೆಲ್ಲ ಹಿರಿಯರು. ಒಬ್ಬರೂ ಯುದ್ಧ ಕಂಡವರಲ್ಲ. ಆದರೆ ನೋಟಿನಲ್ಲೊಂದು ಮಡಿಕೆ ಇದೆಯೇ ಇಲ್ಲವೇ ಎಂಬುದಕ್ಕೆ ಯುದ್ಧವನ್ನೇ ಮಾಡುತ್ತಿದ್ದೆವು. ಜನರ ಕೈಯಲ್ಲಿ ಓಡಾಡಿದ ನೋಟಿಗೆ ನಮ್ಮಲ್ಲಿ ಬೆಲೆಯಿಲ್ಲ. ಯಾರೂ ಮುಟ್ಟದ, ಯಾರ ಹಸಿವಿಗೂ ಒದಗದ ನೋಟಿಗೇ ಬೆಲೆ. ನಾವೂ ಅವನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ, ಬೆವರು ತಾಗುತ್ತದೆ. ಚಿಮಟದಲ್ಲಿ ಹಿಡಿಯಬೇಕು, ಪ್ಲಾಸ್ಟಿಕ್ ಕವರಿನಲ್ಲಿ ಇಡಬೇಕು. ಅಷ್ಟು ಮಡಿ ಮಾಡುವವರು ಯಾವ ಮಠದಲ್ಲೂ ಇರಲಿಕ್ಕಿಲ್ಲ.

ನಂಜನಗೂಡಿನ ಪೇಟೆಬೀದಿಯಲ್ಲಿ ನಾವು ತಿಂಗಳ ಸಾಮಾನು ತರುತ್ತಿದ್ದ ಅಂಗಡಿ ಹಳೆಯದು. ಮುಂದೆ ದಿನಸಿ, ಹಿಂದೆ ಬೆಲ್ಲದ ಮಂಡಿ. ವ್ಯಾಪಾರವೆಲ್ಲ ಮಗನ ಕೈಗೆ ಬಂದಿದ್ದರೂ ಎಂಬತ್ತರ ಹತ್ತಿರದ ಯಜಮಾನರು ಹಣೆತುಂಬ ವಿಭೂತಿ ಹಚ್ಚಿಕೊಂಡು ಬೆಳಿಗ್ಗೆಯೇ ಬಂದು ಗಾದಿಯ ಮೇಲೆ ಕೂರುತ್ತಿದ್ದರು. ಒಂದು ದಿನ ನನಗೆ ಕೊಡಬೇಕಾದ ಎರಡು ರೂಪಾಯಿ ಚಿಲ್ಲರೆ ಅವರ ಮಗನ ಹತ್ತಿರ ಇರಲಿಲ್ಲ. ನಾನು ಗೊಣಗಿದೆ. ಯಜಮಾನರು ನಕ್ಕರು.

“ಯುದ್ಧದ ಟೈಮಲ್ಲಿ ನೋಡ್ಬೇಕಿತ್ತು ನೀವು, ಮೇಷ್ಟ್ರೇ. ಒಂದು ಕಾಸು ಹುಟ್ತಿರ್ಲಿಲ್ಲ. ನಾವೇ ದುಡ್ಡು ಮಾಡುದ್ವಿ.”

ನನ್ನ ಕೈಯಲ್ಲಿದ್ದ ಚೀಲ ಅಲ್ಲೇ ಕೆಳಗಿಳಿಯಿತು. ಅವರು ಹೇಳಿದ್ದು ಇಷ್ಟು. ಆಗ ಅವರಿಗೆ ಇಪ್ಪತ್ತೈದರ ಆಸುಪಾಸು, ಅಕ್ಷರ ದುಂಡಗೆ. ಅವರಪ್ಪ ರಟ್ಟುಕಾಗದ ತರಿಸಿ ಮುನ್ನೂರು ಚೀಟಿ ಕತ್ತರಿಸಿದರು. ಮಗನ ಕೈಯಲ್ಲಿ ಒಂದೊಂದರ ಮೇಲೂ ನಂಬರು ಹಾಕಿಸಿ ಹೀಗೆ ಬರೆಸಿದರು: ‘ತಂದವರಿಗೆ ಒಂದು ಅಚ್ಚು ಬೆಲ್ಲ ಕೊಡತಕ್ಕದ್ದು.’ ಅರ್ಧಾಣೆ ಎಂದು ಬರೆದರೆ ಸರ್ಕಾರದವರು ಹಿಡಿದಾರು, ಬೆಲ್ಲಕ್ಕೆ ಯಾರೂ ಹಿಡಿಯುವುದಿಲ್ಲವಲ್ಲ. ಕೆಳಗೆ ಅಪ್ಪನ ರುಜು. ಚಿಲ್ಲರೆಗೆ ಬದಲು ಆ ಚೀಟಿ ಕೊಡುವುದು. ಅದು ಪೇಟೆಯಲ್ಲೆಲ್ಲ ಓಡಾಡಿ, ರೈತರು ಕೂಲಿಗೂ ಅದನ್ನೇ ಕೊಟ್ಟು, ಯಾರಾದರೂ ಕಡೆಗೆ ಅಂಗಡಿಗೆ ತಂದರೆ ಒಂದು ಅಚ್ಚು ಬೆಲ್ಲ ಕೊಟ್ಟು ಮೂಲೆ ಹರಿದು ತಂತಿಗೆ ಚುಚ್ಚುವುದು.

ನನ್ನ ಹತ್ತಿರವಿದ್ದ ಜಪಾನಿನ ನೂರು ರೂಪಾಯಿಗೆ ಈಗ ಒಂದು ಬೆಂಕಿಪೊಟ್ಟಣವೂ ಬರುವುದಿಲ್ಲ. ಇವರ ಚೀಟಿಗೆ ಇವತ್ತಿಗೂ ಒಂದು ಅಚ್ಚು ಬೆಲ್ಲ. ಪ್ರಪಂಚದಲ್ಲಿ ಬೆಲೆ ಕಳೆದುಕೊಳ್ಳದ ಯುದ್ಧದ ನೋಟು ಇದೊಂದೇ ಇರಬೇಕು ಎಂದು ನನಗೆ ರೋಮಾಂಚನವಾಯಿತು. ಒಂದಾದರೂ ಇದೆಯೇ ಎಂದು ಕೇಳಿದೆ. ಯಜಮಾನರು ದೇವರ ಪಟದ ಪಕ್ಕದ ಮೊಳೆಯಿಂದ ತಂತಿಯೊಂದನ್ನು ಇಳಿಸಿದರು. ದೂಳು ಹಿಡಿದ ಚೀಟಿಗಳ ಕಂತೆ. ಎಲ್ಲದರ ನಡುವೆ ತೂತು, ಎಲ್ಲದರ ಮೂಲೆ ಹರಿದಿದೆ. ನಮ್ಮ ಲೆಕ್ಕದಲ್ಲಿ ಒಂದಕ್ಕೂ ಬೆಲೆಯಿಲ್ಲ.

“ಇನ್ನೂರಾ ತೊಂಬತ್ತೊಂಬತ್ತು ವಾಪಸ್ ಬಂದವೆ ಕಣ್ರೀ,” ಎಂದರು. “ಒಂದ್ ಬರ್ನಿಲ್ಲ. ಇನ್ನೂರಾ ಹದಿನಾಕನೇ ನಂಬ್ರು. ಯುದ್ಧ ಮುಗುದ್ಮೇಲೆ ತಮಟೆ ಹೊಡಸಿ ಸಾರ್‍ಸುದ್ವಿ, ಇಟ್ಕೊಂಡಿರೋರು ತನ್ನಿ ಅಂತ. ಬರ್ನಿಲ್ಲ. ನಮ್ಮಪ್ಪಾರು ಸಾಯೋ ದಿನಾನೂ ಕೇಳುದ್ರು, ‘ಬಂತೇನ್ಲಾ?’ ಅಂತ. ಇಲ್ಲಪ್ಪಾ ಅಂದೆ. ಅದೇ ನನ್ ಕೈಲಿ ಆಡಿದ ಕಡೇ ಮಾತು.” ತಂತಿಯನ್ನು ಮತ್ತೆ ಮೊಳೆಗೆ ಸಿಕ್ಕಿಸಿ ಹೇಳಿದರು: “ನಿಮ್ಗೆ ಇದರ ಹುಚ್ಚಿದೆಯಲ್ಲ, ಎಲ್ಲಾರ ಕಂಡ್ರೆ ತಂದ್ಕೊಡಿ. ಅದೊಂದ್ನ ತಂತಿಗೆ ಚುಚ್ಚುಬಿಟ್ರೆ ನಾನೂ ನೆಮ್ಮದಿಯಾಗಿ ಹೊಯ್ತೀನಿ.”

ತಂದುಕೊಡುತ್ತೇನೆ ಎಂದೆ. ಮೂಲೆ ಹರಿಯುವುದಕ್ಕೆ ಮುಂಚೆ ಅದನ್ನು ನಾನು ಹೇಗೆ ಉಳಿಸಿಕೊಳ್ಳಬಹುದು ಎಂದು ಅಷ್ಟರಲ್ಲೇ ಯೋಚಿಸುತ್ತಿದ್ದೆ.

ಹುಡುಕುವ ಶ್ರಮವೇ ಬೀಳಲಿಲ್ಲ. ಈ ಕಥೆಯನ್ನು ನಾನು ಸ್ಟಾಫ್‌ರೂಮಿನಲ್ಲಿ ಹೇಳುತ್ತಿದ್ದಾಗ ನಮ್ಮ ಶಾಲೆಯ ಕಸ ಗುಡಿಸುವ ಹೆಂಗಸು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಬೆಲ್ ಹೊಡೆದು ಎಲ್ಲರೂ ಹೋದ ಮೇಲೆ, “ಸಾ, ಅಂತದ್ದೊಂದು ನಮ್ಮವ್ವನ ತಾವ ಅದೆ,” ಎಂದಳು. ಆ ಶನಿವಾರವೇ ಅವಳ ಜೊತೆ ಸೋಸಲೆ ಕಡೆಯ ಬಸ್ಸು ಹತ್ತಿದೆ. ದಾರಿಯ ಒಂದು ಊರಿನಲ್ಲಿ ಇಳಿದು, ಊರನ್ನು ದಾಟಿ, ಊರಿನಿಂದ ತುಸು ಆಚೆಗೇ ಇದ್ದ ಅವರ ಕೇರಿಗೆ ನಡೆದೆವು.

ತಾಯಿಗೆ ಎಪ್ಪತ್ತರ ಮೇಲೆ. ಬಿಸ್ಕತ್ತಿನ ಡಬ್ಬಿಯೊಂದನ್ನು ತಂದು, ರೇಷನ್ ಕಾರ್ಡಿನ ಕೆಳಗಿಂದ ಚೀಟಿ ತೆಗೆದಳು. ದುಂಡಗಿನ ಅಕ್ಷರ. ಇನ್ನೂರ ಹದಿನಾಲ್ಕು. ಒಂದು ಮಡಿಕೆಯಿಲ್ಲ, ನಾಲ್ಕು ಮೂಲೆಗಳೂ ಚೂಪು. ನಾನು ಜೇಬಿನಿಂದ ಚಿಮಟ ತೆಗೆದೆ.

“ಅದ್ಯಾಕಪ್ಪ ಚಿಮ್ಟ?” ಎಂದಳು ಮುದುಕಿ. “ಮುಟ್ಟುದ್ರೆ ಏನಾದದು?”

ಬೆವರು, ಎಣ್ಣೆ ಎಂದೆಲ್ಲ ವಿವರಿಸಿದೆ. ಅವಳು ಮಗಳ ಮುಖ ನೋಡಿದಳು. ಇಷ್ಟು ಹೊಸದಾಗಿ ಉಳಿದದ್ದು ಹೇಗೆ, ಬೆಲ್ಲ ತರಲು ಹೋಗಲಿಲ್ಲವೇ ಎಂದು ಕೇಳಿದೆ.

“ಓಗಿದ್ದೆ. ಕೊಡ್ನಿಲ್ಲ.”

ನನ್ನ ಮನಸ್ಸೆಲ್ಲ ಮೂಲೆಗಳ ಮೇಲಿತ್ತು. ಯುದ್ಧದ ಕಾಲ, ಬೆಲ್ಲ ಮುಗಿದಿರಬೇಕು ಎಂದುಕೊಂಡು ಪುಸ್ತಕದಲ್ಲಿ ‘ದಾಸ್ತಾನು ಇರಲಿಲ್ಲ’ ಎಂದು ಬರೆದುಕೊಂಡೆ. ಚರಿತ್ರೆಯ ಮೇಷ್ಟ್ರು ನಾನು. ಆಧಾರ ಸಿಕ್ಕಿತಲ್ಲ ಎಂದು ಖುಷಿಯಾಯಿತು. ನೂರು ರೂಪಾಯಿ ಕೊಟ್ಟೆ. ಒಂದು ಅಚ್ಚು ಬೆಲ್ಲಕ್ಕೆ ನೂರು ರೂಪಾಯಿಯೇ ಎಂದು ಅವಳು ನಕ್ಕಳು, ನಾನೂ ನಕ್ಕೆ. ಆ ಚೀಟಿಗೆ ಮೈಸೂರಿನಲ್ಲಿ ಎಷ್ಟು ಬರುತ್ತದೆ ಎಂಬುದನ್ನು ಹೇಳಲಿಲ್ಲ.

ಆಮೇಲೆ ನಾಲ್ಕು ವರ್ಷ ಅದು ನನ್ನ ಬೀರುವಿನಲ್ಲಿತ್ತು. ತಿಂಗಳಿಗೊಮ್ಮೆ ಸಾಮಾನಿಗೆ ಹೋದಾಗ ಯಜಮಾನರು “ಎಲ್ಲಾರ ಸಿಕ್ತಾ ಮೇಷ್ಟ್ರೇ?” ಎನ್ನುತ್ತಿದ್ದರು. “ಹುಡುಕ್ತಾ ಇದೀನಿ,” ಎನ್ನುತ್ತಿದ್ದೆ. ಎರಡನೇ ವರ್ಷ ಅವರಿಗೆ ಲಕ್ವ ಹೊಡೆದು ಎಡಗೈ ಎಡಗಾಲು ಬಿದ್ದುಹೋದವು. ಆಗಲೂ ಕೇಳಿದರು. ನಾನು ಬೇರೆ ಅಂಗಡಿಗೆ ಹೋಗಲು ಶುರುಮಾಡಿದೆ. “ನಾಚಿಕೆ ಆಗಲ್ವಾ ನಿಮ್ಗೆ?” ಎಂದಳು ಹೆಂಡತಿ. ಆಗುತ್ತಿತ್ತು. ಆದರೆ ಚೀಟಿ ತೆಗೆದು ನೋಡಿದರೆ ನಾಚಿಕೆ ಹೋಗಿಬಿಡುತ್ತಿತ್ತು. ಸಂಗ್ರಹಕಾರರಲ್ಲದವರಿಗೆ ಇದು ಅರ್ಥವಾಗುವುದು ಕಷ್ಟ.

ಸಿಕ್ಕಿಬಿದ್ದದ್ದು ಜಂಬದಿಂದ. ಹಲ್ಲಿನ ಡಾಕ್ಟರು ಮೈಸೂರಿನಲ್ಲಿ ಒಂದು ಪ್ರದರ್ಶನ ಏರ್ಪಡಿಸಿ, ನನ್ನ ಚೀಟಿಯನ್ನು ನಡುವಿನ ಗಾಜಿನ ಪೆಟ್ಟಿಗೆಯಲ್ಲಿ ಇಡಿಸಿದರು. ಕೆಳಗೆ ನಾನೇ ಬರೆದ ವಿವರ: ‘ನಂಜನಗೂಡಿನ ವರ್ತಕರೊಬ್ಬರ ಯುದ್ಧಕಾಲದ ಚೀಟಿ. ದಾಸ್ತಾನು ಇಲ್ಲದ ಕಾರಣ ಬೆಲ್ಲ ವಿತರಣೆಯಾಗಿಲ್ಲ.’ ಮಾರನೆಯ ದಿನ ಪೇಪರಿನಲ್ಲಿ ಚೀಟಿಯ ಫೋಟೋ ಬಂತು. ಪಕ್ಕದಲ್ಲಿ ನನ್ನದೂ ಇತ್ತು, ನಗುತ್ತಿದ್ದೆ.

ಯಜಮಾನರ ಮೊಮ್ಮಗಳು ಮನೆಗೆ ಬಂದು, “ತಾತ ಕರೀತಾವ್ರೆ,” ಎಂದಳು. ಹೋದೆ. ಬೈಗುಳಕ್ಕೆ ತಯಾರಾಗಿಯೇ ಹೋದೆ. ನಾಲ್ಕು ವರ್ಷ ಮುಚ್ಚಿಟ್ಟಿದ್ದಕ್ಕೆ ಅವರು ಒಂದು ಮಾತೂ ಆಡಲಿಲ್ಲ. ಪೇಪರಿನ ಮೇಲೆ ಬೆರಳಿಟ್ಟು ಕೇಳಿದ್ದೇ ಬೇರೆ.

“ದಾಸ್ತಾನು ಇರ್ನಿಲ್ಲ ಅಂತ ಬರ್ದಿದೀರಲ್ಲ, ಯಾರು ಹೇಳಿದ್ದು? ನಮ್ಮ ಅಂಗ್ಡೀಲಿ ಬೆಲ್ಲ ಇರ್ನಿಲ್ವಾ? ಯಾವತ್ತು?” ಪೇಪರನ್ನು ನನ್ನ ಕಡೆಗೆ ತಳ್ಳಿದರು. “ಮುನ್ನೂರು ಚೀಟಿ ಬರದ್ರೆ ಮುನ್ನೂರು ಅಚ್ಚು ಬೇರೆ ಎತ್ತಿಟ್ಟಿದ್ರು ನಮ್ಮಪ್ಪಾರು. ಊರೆಲ್ಲಾ ಓದೋ ಪೇಪರ್‍ನಲ್ಲಿ ಕೊಟ್ ಮಾತು ತಪ್ಪುದ್ರು ಅಂತ ಬರ್‍ಸಿದೀರಿ.”

ಸೋಸಲೆ ಕಡೆಯ ಒಬ್ಬ ಮುದುಕಿಯಿಂದ ಕೊಂಡದ್ದು, ಬೆಲ್ಲ ಕೊಡಲಿಲ್ಲ ಎಂದು ಅವಳೇ ಹೇಳಿದಳು ಎಂದೆ. ನಾನು ಚೀಟಿಯ ಒಂದು ಜೆರಾಕ್ಸ್ ತೆಗೆದುಕೊಂಡು ಹೋಗಿದ್ದೆ, ಬಣ್ಣದ್ದು. ಸದ್ಯಕ್ಕೆ ಇದನ್ನು ತಂತಿಗೆ ಚುಚ್ಚಿಕೊಳ್ಳಬಹುದಲ್ಲ ಎಂದು ಮುಂದಿಟ್ಟೆ.

“ಜೆರಾಕ್ಸ್‌ಗೆ ಬೆಲ್ಲದ ಜೆರಾಕ್ಸ್ ಕೊಡ್ಲಾ?” ಎಂದರು. “ಓಗಿ, ಆ ಹೆಣ್ಮಗಳನ್ನ ಸರಿಯಾಗಿ ಕೇಳ್ಕೊಂಡ್ ಬನ್ನಿ. ಬೆಲ್ಲ ಇತ್ತೋ ಇಲ್ವೋ. ಇತ್ತು ಅಂದ್ರೆ ಪೇಪರ್‍ನಲ್ಲಿ ತಪ್ಪಾಯ್ತು ಅಂತ ಹಾಕ್ಸಿ. ಆಮೇಲೆ ಚೀಟಿ ತಂದ್ಕೊಡಿ.”

ಆ ಭಾನುವಾರ ಮತ್ತೆ ಹೋದೆ. ಮುದುಕಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಅಂಗಡಿಯಲ್ಲಿ ಅವತ್ತು ಬೆಲ್ಲ ಇರಲಿಲ್ಲವೇ ಎಂದು ಈ ಸಲ ಬಿಡಿಸಿ ಕೇಳಿದೆ.

“ಬೆಲ್ಲ ಯಾಕಿರ್ನಿಲ್ಲ? ರಾಸಿ ಇತ್ತು,” ಎಂದಳು. “ನನ್ ತೌರು ನಂಜನಗೂಡ ತಾವ. ಆಗಿನ್ನೂ ಮದ್ವೆ ಆಗಿರ್ನಿಲ್ಲ. ಮೂರ್ ದಿನ ಕಳೆ ಕಿತ್ತಿದ್ಕೆ ಗೌಡ್ರು ಆ ಚೀಟಿ ಕೊಟ್ರು. ತಕ್ಕೊಂಡು ಅಂಗ್ಡಿ ತಾವ ಓಗಿ ಬೀದೀಲಿ ನಿಂತ್ಕಂಡೆ. ಮೇಲೆ ಒಬ್ರು ಚಿಕ್ಕ ಯಜಮಾನ್ರು ಚೀಟಿ ಬರೀತಾ ಕುಂತಿದ್ರು. ಎಲ್ಲಿ ಕದ್ದೆ ಅಂದ್ರು. ಕದ್ದಿಲ್ಲ ಬುದ್ದಿ, ಕೂಲಿ ಅಂದೆ. ‘ಇದು ನಿಮ್ಮೋರಿಗಲ್ಲ, ಓಗು, ನಿಮ್ ಗೌಡನ್ನ ಕಳಿಸು’ ಅಂದ್ರು. ಕೈಗೆ ಇಸ್ಕೊಳ್ನೂ ಇಲ್ಲ.” ಸುಲಿದ ಕಾಳನ್ನು ಮೊರಕ್ಕೆ ಹಾಕಿದಳು. “ನಮ್ಮವ್ವ ಬಿಸಾಕು ಅಂದ್ಲು. ನಾನ್ ಬಿಸಾಕ್ನಿಲ್ಲ. ಮೂರ್ ದಿನ ಬಗ್ಗಿದ್ದು ಅದು.”

ನಾಲ್ಕು ವರ್ಷದಿಂದ ನಾನು ಮೆಚ್ಚಿಕೊಂಡು ನೋಡುತ್ತಿದ್ದ ಆ ಚೂಪು ಮೂಲೆಗಳು, ಆ ಮಡಿಕೆಯಿಲ್ಲದ ಕಾಗದ, ಎಲ್ಲ ಇದರಿಂದ. ಮೊದಲ ದಿನವೇ ಅವಳು ಎರಡು ಮಾತಿನಲ್ಲಿ ಹೇಳಿದ್ದಳು, ನಾನು ಅದಕ್ಕೊಂದು ಆಫೀಸಿನ ಭಾಷೆ ಹುಡುಕಿ ಬರೆದುಕೊಂಡಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಯಜಮಾನರಿಗೆ ಹೇಳಬೇಕೇ ಬೇಡವೇ ಎಂದು ಎರಡು ದಿನ ಒದ್ದಾಡಿದೆ. ಕಾಯಿಲೆಯ ಮನುಷ್ಯ, ಅಪ್ಪನ ಮಾತನ್ನು ಜೀವಮಾನವೆಲ್ಲ ಹೊತ್ತವರು. ಹಲ್ಲಿನ ಡಾಕ್ಟರು ಫೋನಿನಲ್ಲಿ ಕುಣಿದಾಡಿದರು: “ಈ ಕಥೆ ಸೇರಿದ್ರೆ ಅದರ ಬೆಲೆ ಮೂರು ಪಟ್ಟು ಕಣ್ರೀ! ಮೂಲೆ ಮಾತ್ರ ಹರಿಯೋಕೆ ಬಿಡ್ಬೇಡಿ.” ಆ ಮಾತು ಕೇಳಿದ ಮೇಲೆ ಹೇಳುವುದೇ ಸರಿ ಅನ್ನಿಸಿತು. ಪ್ರದರ್ಶನದಿಂದ ಚೀಟಿ ಬಿಡಿಸಿಕೊಂಡು ಅಂಗಡಿಗೆ ಹೋಗಿ, ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದೆ.

ಯಜಮಾನರು ದೇವರ ಪಟದ ಪಕ್ಕದ ತಂತಿಯ ಕಡೆ ನೋಡಿದರು. ಮಗ ತೂಗುವುದನ್ನು ನಿಲ್ಲಿಸಿದ.

“ಬೆಲ್ಲ ಇತ್ತು,” ಎಂದರು. “ಬೆಲ್ಲ ಇತ್ತು ಮೇಷ್ಟ್ರೇ.” ಆಮೇಲೆ ಮಗನ ಕಡೆ ತಿರುಗಿ, “ನಾಳೆ ಕಾರು ಹೇಳು,” ಎಂದರು. ಚೀಟಿ ಕೊಡಲು ನಾನು ಕೈ ಚಾಚಿದರೆ ಅದನ್ನು ಮುಟ್ಟಲಿಲ್ಲ. “ತಂದವರಿಗೆ ಅಂತ ಬರ್ದಿದೀನಿ. ತಂದೋರು ನೀವಲ್ಲ, ಅವ್ಳು. ಅವ್ಳ ಕೈಯಿಂದ್ಲೇ ಇಸ್ಕೋತೀನಿ.”

ಇದನ್ನು ಕೇಳಿ ನನಗೆ ಕಣ್ಣು ತುಂಬಿ ಬಂತು, ಸುಳ್ಳು ಹೇಳುವುದಿಲ್ಲ. ಎಂಬತ್ತು ದಾಟಿದವರು, ಅರ್ಧ ಮೈ ಸ್ವಾಧೀನದಲ್ಲಿಲ್ಲ, ಒಂದು ಅಚ್ಚು ಬೆಲ್ಲ ಕೊಡಲು ಅಷ್ಟು ದೂರ ಬರಲು ಹೊರಟಿದ್ದರು.

ಮಾರನೆಯ ದಿನ ಹೊರಟೆವು. ಯಜಮಾನರ ತೊಡೆಯ ಮೇಲೆ ಪೇಪರಿನಲ್ಲಿ ಸುತ್ತಿದ ಬೆಲ್ಲ. ಕೇರಿಯ ಒಳಗೆ ಕಾರು ಹೋಗಲಿಲ್ಲ. ಮಗ ಮತ್ತು ನಾನು ಅವರನ್ನು ಹಿಡಿದುಕೊಂಡು ನಡೆಸಿದೆವು. ಯಾರೋ ಅಂಗನವಾಡಿಯಿಂದ ಪ್ಲಾಸ್ಟಿಕ್ ಕುರ್ಚಿ ತಂದು ಜಗಲಿಯ ಮುಂದೆ ಹಾಕಿದರು. ಶಾಲೆಯಿಂದ ರಜೆ ಹಾಕಿ ಬಂದಿದ್ದ ಮುದುಕಿಯ ಮಗಳು ಬಾಗಿಲಲ್ಲಿ ನಿಂತಳು. ನಾನು ಚೀಟಿಯನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು, ಮೊದಲ ಸಲ ಬರಿಗೈಯಲ್ಲಿ ಹಿಡಿದು, ಮುದುಕಿಯ ಕೈಗೆ ಕೊಟ್ಟೆ.

“ತಪ್ಪಾಯ್ತು ಕಣವ್ವ,” ಎಂದರು ಯಜಮಾನರು. “ಅವತ್ತು ನಾನೇ ಅಂದಿದ್ದು.”

“ಆಗ ಅಂಗೇ ಇತ್ತು ಬುದ್ದಿ,” ಎಂದಳು ಅವಳು. ಚೀಟಿ ಕೊಟ್ಟಳು. ಅವರು ಬಲಗೈಯಲ್ಲಿ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡು, ಬೆಲ್ಲವನ್ನು ಅವಳ ಕೈಗೇ ಕೊಟ್ಟರು, ಕೆಳಗೆ ಇಡಲಿಲ್ಲ. ಸುತ್ತ ನಿಂತವರೆಲ್ಲ ಅದನ್ನು ನೋಡಿದರು. ಆಮೇಲೆ ನಂಬರು ಓದಿ ಮೂಲೆ ಹರಿಯಲೆಂದು ಕನ್ನಡಕಕ್ಕೆ ಜೇಬು ತಡಕಿದರು.

ಅಷ್ಟರಲ್ಲಿ ಮುದುಕಿ ಬೆಲ್ಲವನ್ನು ಜಗಲಿಯ ಕಲ್ಲಿಗೆ ಕುಟ್ಟಿ ಒಡೆದಳು. “ನಂಗೆ ಸಕ್ಕರೆ ಕಾಯ್ಲೆ. ಡಾಕ್ಟ್ರು ಮುಟ್ಬೇಡ ಅಂದವ್ರೆ. ಇಷ್ಟು ದೂರ ಬಂದಿದೀರಿ, ಬಾಯಿ ಸೀ ಮಾಡ್ಕೊಂಡ್ ಓಗಿ,” ಎಂದು ಒಂದು ಚೂರನ್ನು ಅಂಗೈಯಲ್ಲಿಟ್ಟು ಅವರ ಮುಂದೆ ಹಿಡಿದಳು.

ಯಜಮಾನರು ಆ ಅಂಗೈಯನ್ನು ನೋಡಿದರು.

“ಇನ್ನೂ ಪೂಜೆ ಆಗಿಲ್ಲ ಕಣವ್ವ,” ಎಂದರು.

ಮಧ್ಯಾಹ್ನ ಮೂರೂವರೆ ಗಂಟೆ. ಅರ್ಧ ಗಂಟೆಯ ಹಿಂದೆ ನರಸೀಪುರದ ಹೋಟೆಲಿನಲ್ಲಿ ನನ್ನ ಎದುರಿಗೇ ಎರಡು ಇಡ್ಲಿ ತಿಂದು ಕಾಫಿ ಕುಡಿದಿದ್ದರು. ಮಗ ನೆಲ ನೋಡಿದ. ಅವರು ಬೇಕೆಂದೇ ಹೇಳಿದ್ದಲ್ಲ, ಅದು ನನಗೆ ಗೊತ್ತು. ಬಾಯಿಂದ ತಾನಾಗಿ ಬಂದುಬಿಟ್ಟಿತು. ಬಂದದ್ದನ್ನು ನುಂಗಿಕೊಳ್ಳಲು ಆಗಲಿಲ್ಲ, ಕಣ್ಣಲ್ಲಿ ನೀರು ಬಂತು, ಆದರೂ ಕೈ ಮುಂದೆ ಬರಲಿಲ್ಲ.

ಮುದುಕಿ ಆ ಚೂರನ್ನು ನನಗೆ ಕೊಟ್ಟಳು. ನಾನು ತಿಂದೆ. ಎಲ್ಲರಿಗೂ ಕಾಣುವ ಹಾಗೆ ತಿಂದೆ, ತಿಂದು ಹೆಮ್ಮೆಪಟ್ಟೆ. ಒಂದು ಚೂರು ಬೆಲ್ಲ ತಿಂದದ್ದಕ್ಕೆ ಹೆಮ್ಮೆಪಡುವವನಿಗೂ ಯಜಮಾನರಿಗೂ ಅಂಥ ದೂರವೇನಿಲ್ಲ ಎಂಬುದು ಹೊಳೆಯುವುದಕ್ಕೆ ನನಗೆ ಇನ್ನೂ ಕೆಲವು ದಿನ ಬೇಕಾಯಿತು.

ಅವಳು ಸಿಟ್ಟಾಗಲಿಲ್ಲ. ಉಳಿದ ಬೆಲ್ಲವನ್ನು ಅದೇ ಪೇಪರಿನಲ್ಲಿ ಸುತ್ತಿ ಯಜಮಾನರ ತೊಡೆಯ ಮೇಲಿಟ್ಟಳು. ಅವರ ಮಡಿಲಲ್ಲಿದ್ದ ಚೀಟಿಯನ್ನು ಎತ್ತಿಕೊಂಡು, ಎರಡು ಮಡಿಕೆ ಮಡಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಇದು ನನ್ ತಾವೇ ಇರ್ಲಿ ಬುದ್ದಿ,” ಎಂದಳು. “ಪೂಜೆ ಆದ್ಮೇಲೆ ಬನ್ನಿ.”

ಆಮೇಲೆ ನನ್ನ ಕಡೆ ತಿರುಗಿ, “ನಿಮ್ ನೂರು ರೂಪಾಯಿ ಮುಂದಿನ್ ತಿಂಗ್ಳು ಮಗಳ ಕೈಲಿ ಕಳಿಸ್ತೀನಿ ಸಾ,” ಎಂದಳು. ಕಳಿಸಿದಳು.